ಕಿಕ್ಕರ್ ಹೊಡೆದವರಿಗೇ ಗೊತ್ತು

ಮೈಸೂರಿನ ಯಾದವಗಿರಿಯಲ್ಲಿ ಹುಟ್ಟಿದ ಜಾವಾ ಬೈಕು ಇವತ್ತು ಬೆಂಗಳೂರಿನಿಂದ ತವರಿಗೆ ಹೊರಟರೆ ಎಕ್ಸ್‌ಪ್ರೆಸ್‌ವೇ ಹತ್ತುವಂತಿಲ್ಲ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ ದ್ವಿಚಕ್ರ ವಾಹನಗಳ ಪ್ರವೇಶ ನಿಷಿದ್ಧ. ಆಟೊ, ಟ್ರ್ಯಾಕ್ಟರುಗಳ ಜತೆ ಸರ್ವಿಸ್ ರಸ್ತೆಯೇ ಗತಿ. ನಿಯಮ ಎಲ್ಲ ಬೈಕಿಗೂ ಒಂದೇ, ಹಳೆಯದರ ಮೇಲೆ ಯಾರಿಗೂ ಹಗೆಯಿಲ್ಲ. ಆದರೂ ಜಾವಾ ಪ್ರಿಯರಿಗೆ ಇದು ಚುಚ್ಚುತ್ತದೆ. ನಿಜಕ್ಕೂ ಚುಚ್ಚಬೇಕಾದ ಸಂಗತಿ ಬೇರೆ ಇದೆ. ನಾಳೆಯೇ ನಿಷೇಧ ತೆರವಾದರೂ, ನೂರರ ವೇಗದಲ್ಲಿ ನುಗ್ಗುವ ಕಾರುಗಳ ನಡುವೆ ಅರವತ್ತರ ದಶಕದ ಡ್ರಮ್ ಬ್ರೇಕು ನಂಬಿಕೊಂಡು ಆ ಪಥದಲ್ಲಿ ಹೋಗುವುದು ಜಾಣತನವಲ್ಲ.

ಹಳೇ ಬೈಕುಗಳ ಬಗ್ಗೆ ಮಾತಿಗೆ ಕೂತವರು ಈ ಎರಡನೇ ಭಾಗವನ್ನು ಸಾಮಾನ್ಯವಾಗಿ ನುಂಗಿಬಿಡುತ್ತಾರೆ. ಸದ್ದಿನ ವರ್ಣನೆ ಇರುತ್ತದೆ, ಬ್ರೇಕಿನ ವರ್ಣನೆ ಇರುವುದಿಲ್ಲ. ಭಾನುವಾರ ಬೆಳಗ್ಗೆ ನಂದಿಬೆಟ್ಟದ ದಾರಿಯಲ್ಲಿ ಟೀ ಅಂಗಡಿ ಮುಂದೆ ನಿಲ್ಲಿಸಿದ ಯೆಜ್ಡಿ ಬೈಕಿನ ಫೋಟೊ ಎಲ್ಲರ ಮೊಬೈಲಿಗೂ ಬರುತ್ತದೆ. ಅದೇ ಯೆಜ್ಡಿ ಸೋಮವಾರ ಸಂಜೆ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಪ್ಲಗ್ಗಿಗೆ ಮಸಿ ಕಟ್ಟಿ ನಿಂತು, ಹಿಂದಿನಿಂದ ಹಾರ್ನು ಬೈಗುಳ ಒಟ್ಟಿಗೆ ಕೇಳಿಸಿಕೊಂಡದ್ದರ ಫೋಟೊ ಯಾರೂ ತೆಗೆಯುವುದಿಲ್ಲ.

ಕರ್ನಾಟಕದವರಿಗೆ ಈ ವ್ಯಾಮೋಹ ಹತ್ತಲು ಸಕಾರಣವಿದೆ. ಪ್ರಾಗ್ ನಗರದಲ್ಲಿ 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ವಿನ್ಯಾಸ ಕೊಂಡು ಶುರುಮಾಡಿದ್ದು ಜಾವಾ. ಅದನ್ನು ಭಾರತದಲ್ಲಿ ತಯಾರಿಸುವ ಪರವಾನಗಿ ಪಡೆದು ಮೈಸೂರಿಗೆ ತಂದವರು ರುಸ್ತುಂ ಇರಾನಿ ಮತ್ತು ಫರೋಕ್ ಇರಾನಿ. ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. ಎಪ್ಪತ್ತರ ದಶಕದಲ್ಲಿ ಚೆಕ್ ಪರವಾನಗಿ ಮುಗಿದ ಮೇಲೆ ಅದೇ ಕಾರ್ಖಾನೆಯಿಂದ ಯೆಜ್ಡಿ ಹೆಸರಿನಲ್ಲಿ ಬೈಕುಗಳು ಹೊರಬಂದವು. 1978ರಲ್ಲಿ ರೋಡ್‌ಕಿಂಗ್ ಬಂತು. 250 ಸಿಸಿಯ ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಸುಮಾರು 16 ಅಶ್ವಶಕ್ತಿ. ಆ ಕಾಲಕ್ಕೆ ಅದು ದೊಡ್ಡ ಮಾತು. ಕೊಡಗಿನ ಕಾಫಿ ತೋಟದ ರೈಟರು, ಮಂಡ್ಯದ ಹಾಲಿನವರು, ಕಾಲೇಜು ಹುಡುಗರು, ಪೊಲೀಸರು ಎಲ್ಲರೂ ಇದರ ಮೇಲೆ ಕೂತವರೇ. ತಮ್ಮೂರಿನಲ್ಲೇ ತಯಾರಾದ, ತಮ್ಮೂರಿನವರೇ ನಟ್ಟು ಬಿಗಿದ ಬೈಕು ಎಂಬ ಅಭಿಮಾನ ಮೈಸೂರಿಗರಿಗೆ ಇವತ್ತಿಗೂ ಹೋಗಿಲ್ಲ. ಪ್ರತಿ ವರ್ಷ ಜುಲೈನ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನ ಆಚರಿಸುವವರಲ್ಲಿ ಕಾರ್ಖಾನೆ ಮುಚ್ಚಿದಾಗ ಹುಟ್ಟಿಯೇ ಇರದ ಹುಡುಗ ಹುಡುಗಿಯರೂ ಇದ್ದಾರೆ.

ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಕಾರಣ ಕೇಳಿದರೆ ಕಾರ್ಮಿಕ ಸಮಸ್ಯೆ, ಹೊಗೆಯ ನಿಯಮ, ಆಡಳಿತದ ಎಡವಟ್ಟು ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಒಂದು ಕಾರಣವನ್ನು ಮಾತ್ರ ಅಭಿಮಾನಿಗಳು ಗಟ್ಟಿಯಾಗಿ ಹೇಳುವುದಿಲ್ಲ. ಎಂಬತ್ತರ ದಶಕದ ನಡುವೆ ಜಪಾನಿನ ಸಹಯೋಗದ 100 ಸಿಸಿ ಬೈಕುಗಳು ಸಾಲಾಗಿ ಬಂದವು. 1984ರಲ್ಲಿ ಹೊಸೂರಿನ ಇಂಡ್–ಸುಜುಕಿ, 1985ರಲ್ಲಿ ಹೀರೊ ಹೋಂಡಾ ಸಿಡಿ 100, ಅದೇ ವರ್ಷದ ಕೊನೆಯಲ್ಲಿ ಯಮಹಾ ಆರ್‌ಎಕ್ಸ್ 100. ಲೀಟರಿಗೆ 30 ಕಿಲೋಮೀಟರ್ ಆಸುಪಾಸಿನಲ್ಲಿದ್ದ ರೋಡ್‌ಕಿಂಗ್ ಎದುರು ಸಿಡಿ 100ರ ಜಾಹೀರಾತು 80 ಎಂದಿತು. ಪೆಟ್ರೋಲ್ ತುಂಬಿಸಿ ಮುಚ್ಚಳ ಹಾಕಿ ಮರೆತುಬಿಡಿ ಎಂಬ ಅದರ ಭರವಸೆ ಮಧ್ಯಮ ವರ್ಗಕ್ಕೆ ನಾಟಿತು. ಗಿರಾಕಿಗಳು ಗುಂಪುಗುಂಪಾಗಿ ಆ ಕಡೆ ಹೋದರು. ಇವತ್ತು ಯೆಜ್ಡಿಗಾಗಿ ಕಣ್ಣೀರಿಡುವ ಅದೇ ತಲೆಮಾರು ಅಂದು ಅದನ್ನು ಮಾರಿ ಹೀರೊ ಹೋಂಡಾ ತಂದಿತ್ತು. ಅವರದು ತಪ್ಪೇನೂ ಅಲ್ಲ. ಮೂರು ಕಿಕ್ಕಿಗೊಮ್ಮೆ ಸ್ಟಾರ್ಟ್ ಆಗುವ, ತಿಂಗಳಿಗೊಮ್ಮೆ ಗ್ಯಾರೇಜಿಗೆ ಹೋಗುವ ಗಾಡಿಯಿಂದ ಮುಂಜಾನೆ ಎಂಟಕ್ಕೆ ಡ್ಯೂಟಿಗೆ ಹೋಗಬೇಕಾದವನು ಬೇಸತ್ತಿದ್ದ. ಆ ಬೇಸರ ನಲವತ್ತು ವರ್ಷದಲ್ಲಿ ಆರಿಹೋಗಿ, ಸದ್ದು ಮಾತ್ರ ಉಳಿದುಕೊಂಡಿದೆ.

ಹಳೇ ಗಾಡಿ ಬಲು ಗಟ್ಟಿ ಎಂಬ ಮಾತನ್ನೂ ಇಲ್ಲೇ ಪರೀಕ್ಷಿಸಬೇಕು. ಇವತ್ತು ರಸ್ತೆಯಲ್ಲಿ ಕಾಣುವ ಜಾವಾಗಳು ಗಟ್ಟಿಯಾಗಿರುವುದು ನಿಜ. ಗಟ್ಟಿಯಾಗಿ ಉಳಿಯದವು ಗುಜರಿ ಸೇರಿ ಕರಗಿ ಕಬ್ಬಿಣವಾಗಿ ಹೋಗಿವೆ, ಅವು ಸಾಕ್ಷಿ ಹೇಳಲು ಬರುವುದಿಲ್ಲ. ಉಳಿದವುಗಳಲ್ಲೂ ಎಷ್ಟೋ ಗಾಡಿಗಳ ಬೋರು ಎರಡು ಮೂರು ಸಲ ಕೊರೆಸಿ ಓವರ್‌ಸೈಜ್ ಪಿಸ್ಟನ್ ಹಾಕಿದ್ದಾಗಿದೆ, ವೈರಿಂಗ್ ಬದಲಾಗಿದೆ, ಕ್ರ್ಯಾಂಕು ಲೇತಿಗೆ ಹೋಗಿ ಬಂದಿದೆ. ಮೂಲದ್ದೆಂದು ಉಳಿದಿರುವುದು ಚಾಸಿ ನಂಬರು ಮತ್ತು ಟ್ಯಾಂಕಿನ ಆಕಾರ.

ಓಡಿಸುವ ಮಾತಿಗೆ ಬರೋಣ, ಅಸಲಿ ವಿಷಯ ಇರುವುದೇ ಅಲ್ಲಿ. ಜಾವಾದಲ್ಲಿ ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಎಡಗಡೆ ಒಂದೇ ಲಿವರ್. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದು ಕಿಕ್ಕರ್, ಸ್ಟಾರ್ಟ್ ಆದ ಮೇಲೆ ಸ್ವಸ್ಥಾನಕ್ಕೆ ತಂದರೆ ಗೇರ್. ಚಂದದ ಎಂಜಿನಿಯರಿಂಗ್. ಚಳಿಗಾಲದ ಬೆಳಗ್ಗೆ ಪೆಟ್ರೋಲ್ ಕಾಕ್ ತಿರುಗಿಸಿ, ಕಾರ್ಬ್ಯುರೇಟರಿನ ಮೇಲಿನ ಪುಟ್ಟ ಗುಂಡಿಯನ್ನು ಪೆಟ್ರೋಲ್ ಜಿನುಗುವವರೆಗೂ ಒತ್ತಿ ಹಿಡಿದು, ಆಮೇಲೆ ಕಿಕ್ಕರ್ ಹೊಡೆಯಬೇಕು. ಹೆಚ್ಚು ಒತ್ತಿದರೆ ಓವರ್‌ಫ್ಲೋ, ಪ್ಲಗ್ಗು ಒದ್ದೆ. ಕಮ್ಮಿ ಒತ್ತಿದರೆ ಉಸಿರೇ ಇಲ್ಲ. ಹಳೇ ಕಬ್ಬಿಣದ ಎಂಜಿನ್ನಿನ ಬುಲೆಟ್ಟಿನದು ಇನ್ನೊಂದು ಪೂಜಾವಿಧಿ. ಆಂಪಿಯರ್ ಮೀಟರಿನ ಮುಳ್ಳು ನಡುವೆ ಬರುವ ತನಕ ಮೆಲ್ಲಗೆ ಕಿಕ್ಕರ್ ಅದುಮಿ, ಡಿಕಂಪ್ರೆಸರ್ ಹಿಡಿದು ಪಿಸ್ಟನ್ನನ್ನು ಚೂರೇ ಚೂರು ದಾಟಿಸಿ, ಬಿಟ್ಟು, ಒಂದೇ ಏಟು. ಹದ ತಪ್ಪಿದರೆ ಕಿಕ್ಕರ್ ತಿರುಗಿ ಒದೆಯುತ್ತದೆ. ಮೊಣಕಾಲಿಗೆ ಪೆಟ್ಟು ಮಾಡಿಕೊಂಡವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ವಿಚಿತ್ರವೆಂದರೆ ಅವರೂ ಅದನ್ನು ಬಿರುದಿನಂತೆ ಹೇಳಿಕೊಳ್ಳುತ್ತಾರೆ!

ಒದೆ ತಿಂದರೆ ನೋವು ಒಬ್ಬನಿಗೇ. ಬ್ರೇಕಿನ ವಿಷಯ ಹಾಗಲ್ಲ.

ಹಳೇ ಬುಲೆಟ್ಟಿನಲ್ಲಿ ಗೇರ್ ಬಲಗಾಲಿಗೆ, ಹಿಂದಿನ ಬ್ರೇಕ್ ಎಡಗಾಲಿಗೆ. ಇವತ್ತಿನ ಎಲ್ಲ ಬೈಕುಗಳಲ್ಲೂ ಇದು ತಿರುವುಮುರುವು. ವಾರವಿಡೀ ಪಲ್ಸರ್ ಓಡಿಸಿ ಭಾನುವಾರ ಬುಲೆಟ್ ಹತ್ತುವವನ ಕಾಲಿಗೆ ಎರಡು ಬಗೆಯ ಪಾಠ. ಆರಾಮಾಗಿ ಹೋಗುವಾಗ ತೊಂದರೆಯಿಲ್ಲ. ದಿಢೀರನೆ ನಾಯಿ ಅಡ್ಡ ಬಂದಾಗ ಕಾಲು ಯೋಚಿಸುವುದಿಲ್ಲ, ರೂಢಿಯ ಕಡೆಗೇ ಹೋಗುತ್ತದೆ. ಬ್ರೇಕ್ ಎಂದುಕೊಂಡು ಗೇರ್ ತುಳಿದರೆ ಗಾಡಿ ನಿಲ್ಲುವುದಿಲ್ಲ. ಸರಿಯಾದ ಕಾಲಿನಲ್ಲೇ ಒತ್ತಿದರೂ ಸಿಗುವುದು ಡ್ರಮ್ ಬ್ರೇಕು. ವೇಗ ಎರಡು ಪಟ್ಟಾದರೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ ಎಂಬುದು ಹೈಸ್ಕೂಲಿನ ಭೌತವಿಜ್ಞಾನ. ಅದು ಎಲ್ಲ ಗಾಡಿಗೂ ಅನ್ವಯಿಸಿದರೂ ಹಳೇ ಡ್ರಮ್ಮಿಗೆ ಬೇರೆ ಕಾಯಿಲೆಗಳೂ ಇವೆ. ಮಳೆನೀರು ಒಳಗೆ ಹೋದರೆ ಹಿಡಿತ ಸಡಿಲ, ಘಾಟಿ ಇಳಿಯುವಾಗ ಕಾದರೆ ಹಿಡಿತ ಮಾಯ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಎಲ್ಲ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯ. ಅಂದರೆ ಜಾವಾದ ಮುಂದೆ ಹೋಗುತ್ತಿರುವ ಗಾಡಿ ಗಕ್ಕನೆ ನಿಲ್ಲಬಲ್ಲದು, ಜಾವಾ ನಿಲ್ಲಲಾರದು. 1965ರಲ್ಲಿ ಎಲ್ಲರ ಬ್ರೇಕೂ ಒಂದೇ ಮಟ್ಟದ್ದಾಗಿತ್ತು, ಮುಂದಿದ್ದದ್ದು ಎತ್ತಿನಗಾಡಿಯೋ ಬೆಡ್‌ಫೋರ್ಡ್ ಲಾರಿಯೋ ಆಗಿರುತ್ತಿತ್ತು. ಬೈಕು ಬದಲಾಗಿಲ್ಲ, ಅದರ ಮುಂದಿನ ರಸ್ತೆ ಬದಲಾಗಿದೆ.

ಈ ಮಾತಿಗೆ ರಾಜ್‌ದೂತ್ 350ಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. ಯಮಹಾದ ಆರ್‌ಡಿ 350 ಜಗತ್ತಿನ ಬೇರೆಡೆ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕಿನೊಂದಿಗೆ ಮಾರಾಟವಾಗಿತ್ತು. 1983ರಲ್ಲಿ ಎಸ್ಕಾರ್ಟ್ಸ್ ಕಂಪನಿ ಅದನ್ನು ರಾಜ್‌ದೂತ್ ಹೆಸರಿನಲ್ಲಿ ಇಲ್ಲಿಗೆ ತಂದಾಗ ಎರಡು ಸಿಲಿಂಡರಿನ ಎಂಜಿನ್ನನ್ನು ಸ್ವಲ್ಪ ಕಟ್ಟಿಹಾಕಿ, ಮುಂದೆ ಡ್ರಮ್ ಬ್ರೇಕು ಕೊಟ್ಟಿತು. ಆಗ ಅದನ್ನು ಪೆಟ್ರೋಲ್ ಕುಡುಕ ಎಂದು ಜನ ದೂರವಿಟ್ಟರು. ದಶಕ ಮುಗಿಯುವಷ್ಟರಲ್ಲಿ ತಯಾರಿಕೆ ನಿಂತಿತು. ಅಂದು ಷೋರೂಮಿನಲ್ಲಿ ಬೇಡವಾದ ಅದೇ ಬೈಕಿಗೆ ಇಂದು ಲಕ್ಷಗಟ್ಟಲೆ ಕೊಡಲು ಸಾಲಿನಲ್ಲಿ ನಿಂತವರಿದ್ದಾರೆ. ಬ್ರೇಕು ಮಾತ್ರ ಅಂದಿನದೇ.

ಬೆಳಕಿನ ಕತೆ ಚಿಕ್ಕದು. ಹಳೇ ಜಾವಾದ್ದು 6 ವೋಲ್ಟಿನ ವಿದ್ಯುತ್ ವ್ಯವಸ್ಥೆ, ಎಂಜಿನ್ ನಿಧಾನಕ್ಕೆ ಓಡಿದರೆ ದೀಪವೂ ಮಂಕು. ಎದುರಿನಿಂದ ಎಲ್‌ಇಡಿ ಹೈಬೀಮ್ ಹಾಕಿಕೊಂಡು ಕಾರು ಬಂದರೆ ಹಳೇ ಬೈಕಿನವನಿಗೆ ರಸ್ತೆಯೂ ಕಾಣದು, ಆ ಕಾರಿನವನಿಗೆ ಈ ಬೈಕೂ ಕಾಣದು. ಕತ್ತಲಾದ ಮೇಲೆ ಹಳೇ ಜಾವಾ ಹೊರತೆಗೆಯಬಾರದು, ಅಷ್ಟೇ.

ಘಾಟಿಯದು ಇನ್ನೊಂದು ಸೂಕ್ಷ್ಮ, ಇದು ಹೊಸಬರಿಗೆ ಗೊತ್ತೇ ಇರುವುದಿಲ್ಲ. ಜಾವಾದಂಥ ಟೂ ಸ್ಟ್ರೋಕ್ ಎಂಜಿನ್ನಿಗೆ ಆಯಿಲ್ ಬೇರೆ ಕಡೆಯಿಂದ ಬರುವುದಿಲ್ಲ. ಪೆಟ್ರೋಲಿನಲ್ಲೇ ಬೆರೆಸಬೇಕು. ಪೆಟ್ರೋಲ್ ಎಷ್ಟು ಹೋಗುತ್ತದೋ ಪಿಸ್ಟನ್ನಿಗೆ ಜಿಡ್ಡು ಸಿಗುವುದೂ ಅಷ್ಟೇ. ಚಾರ್ಮಾಡಿಯನ್ನೋ ಆಗುಂಬೆಯನ್ನೋ ಇಳಿಯುವಾಗ ಎಕ್ಸಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಗಾಡಿ ಹಿಡಿದುಕೊಂಡು ಬಂದರೆ, ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಒಳಗೆ ಆಯಿಲ್ ಮಾತ್ರ ಹೋಗುತ್ತಿರುವುದಿಲ್ಲ. ಪಿಸ್ಟನ್ ಸೀಜ್ ಆಗಿ ಹಿಂದಿನ ಚಕ್ರ ತಿರುವಿನಲ್ಲೇ ಕಚ್ಚಿಕೊಳ್ಳಬಹುದು. ಹಳೇ ಸವಾರರು ಇಳಿಜಾರಿನಲ್ಲೂ ಆಗೀಗ ಎಕ್ಸಲರೇಟರ್ ಕೊಟ್ಟು ಎಂಜಿನ್ನಿಗೆ ಆಯಿಲ್ ಕುಡಿಸುತ್ತಿದ್ದರು, ಒಂದು ಬೆರಳನ್ನು ಸದಾ ಕ್ಲಚ್ಚಿನ ಮೇಲಿಟ್ಟಿರುತ್ತಿದ್ದರು. ಗ್ಯಾರೇಜಿನ ಬಾಗಿಲಲ್ಲಿ ಕೂತು ಕಲಿತ ವಿದ್ಯೆ ಅದು. ಫೋರ್ ಸ್ಟ್ರೋಕಿನಲ್ಲೇ ಬೈಕು ಕಲಿತ ತಲೆಮಾರಿಗೆ ಇದನ್ನು ಹೇಳಿಕೊಡುವವರು ಕಮ್ಮಿ.

ಊರೊಳಗಿನ ಪಾಡು ಇದಕ್ಕೆ ವಿರುದ್ಧ. ಟಾಮ್‌ಟಾಮ್ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡು ಬೇಕಿತ್ತು. ಆ ಲೆಕ್ಕದ ನಗರಗಳಲ್ಲಿ ಲಂಡನ್ ಬಿಟ್ಟರೆ ಅದೇ ಅತಿ ನಿಧಾನವಾಗಿತ್ತು. ಹಳೇ ಎಂಜಿನ್ನುಗಳನ್ನು ತಣಿಸುವುದು ಗಾಳಿ, ಗಾಳಿ ಬೇಕೆಂದರೆ ಗಾಡಿ ಓಡಬೇಕು. ನಿಂತಲ್ಲೇ ಗುರುಗುಟ್ಟಿದರೆ ಎಂಜಿನ್ ಕಾಯುತ್ತದೆ, ಪ್ಲಗ್ಗಿಗೆ ಮಸಿ ಹಿಡಿಯುತ್ತದೆ, ಕ್ಲಚ್ ಪ್ಲೇಟು ಸವೆಯುತ್ತದೆ. ಮೈಲಿಗೆ ಒಂದು ಊರು ಇದ್ದ ಕಾಲದ ಬೈಕು ಅಡಿಗೆ ಒಂದು ಕಾರು ಇರುವ ರಸ್ತೆಯಲ್ಲಿ ಸಿಕ್ಕಿಕೊಂಡಿದೆ.

ಇಷ್ಟು ಸಾಲದೆಂಬಂತೆ ಪೆಟ್ರೋಲ್ ಕೂಡ ಬದಲಾಯಿತು. ಈಗ ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಇಂಧನ. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹಳೇ ಕಾಲದ ರಬ್ಬರ್ ಸೀಲು, ಪೈಪುಗಳನ್ನು ಉಬ್ಬಿಸಿ ಹಾಳುಮಾಡುತ್ತದೆ. ಅದರಲ್ಲಿ ಆಮ್ಲಜನಕವೂ ಇರುವುದರಿಂದ ಹಳೇ ಜೆಟ್ಟಿನ ಲೆಕ್ಕಕ್ಕೆ ಮಿಶ್ರಣ ತೆಳುವಾಗಿ ಎಂಜಿನ್ ಇನ್ನಷ್ಟು ಕಾಯುತ್ತದೆ. ಎಥೆನಾಲ್ ರಹಿತ ಪೆಟ್ರೋಲಿಗೆಂದು ವಿನ್ಯಾಸಗೊಂಡು ಶೇ 10ರ ಮಿಶ್ರಣಕ್ಕೆ ಹೊಂದಿಸಿದ ದ್ವಿಚಕ್ರ ವಾಹನಗಳಲ್ಲಿ ಮೈಲೇಜು ಶೇ 3ರಿಂದ 4ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಹಳೇ ಬೈಕಿನವರಿಗೆ ಮೈಲೇಜಿನ ಚಿಂತೆ ಅಷ್ಟಿಲ್ಲ. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲುವ ಗಾಡಿಯ ಟ್ಯಾಂಕಿನ ತಳದಲ್ಲಿ ನೀರು ಸೇರಿ, ತುಕ್ಕು ಹಿಡಿದು, ಆ ತುಕ್ಕು ಕಾರ್ಬ್ಯುರೇಟರಿಗೆ ಬಂದು ಕೂರುವುದು ಅವರ ತಲೆನೋವು. ಹಳೇ ಬೈಕು ಸಾಕುವುದೆಂದರೆ ಮನೆಯಲ್ಲಿ ಹಸು ಕಟ್ಟಿಕೊಂಡ ಹಾಗೆ: ಹಾಲು ಕರೆಯದ ದಿನವೂ ಮೇವು ಹಾಕಬೇಕು. ಓಡಿಸದೆ ನಿಲ್ಲಿಸುವುದಾದರೆ ಕಾರ್ಬ್ಯುರೇಟರ್ ಬರಿದು ಮಾಡಬೇಕು, ವಾರಕ್ಕೊಮ್ಮೆಯಾದರೂ ಎಂಜಿನ್ ತಿರುಗಿಸಬೇಕು, ಬ್ಯಾಟರಿಗೆ ಚಾರ್ಜು ಕೊಡಬೇಕು.

ಇದನ್ನೆಲ್ಲ ಒಂದು ಕಾಲದಲ್ಲಿ ಮಾಲೀಕ ಮಾಡುತ್ತಿರಲಿಲ್ಲ, ಬೀದಿ ಕೊನೆಯ ಮೆಕ್ಯಾನಿಕ್ ಮಾಡುತ್ತಿದ್ದ. ಇಗ್ನಿಷನ್ ಪಾಯಿಂಟಿನ ನಡುವೆ ಸುಮಾರು 0.4 ಮಿಲಿಮೀಟರ್ ಸಂದು ಇರಬೇಕೆಂಬುದು ಪುಸ್ತಕದ ಲೆಕ್ಕ. ಆತ ಅದನ್ನು ಕಣ್ಣಳತೆಯಲ್ಲೇ ಕೂರಿಸಿ, ಸೈಲೆನ್ಸರಿನ ಸದ್ದು ಕೇಳಿ ಟೈಮಿಂಗ್ ಹೇಳುತ್ತಿದ್ದ. ಬಿಡಿಭಾಗ ಬೇಕೆಂದರೆ ಬೆಂಗಳೂರಿನ ಜೆ.ಸಿ. ರಸ್ತೆ, ಹಳೆಯದೇ ಬೇಕೆಂದರೆ ಗುಜರಿ. ಇವತ್ತು ಗ್ಯಾರೇಜಿಗೆ ಕೆಲಸಕ್ಕೆ ಸೇರುವ ಹುಡುಗ ಸ್ಕ್ಯಾನರ್ ಚುಚ್ಚಿ ಇಂಜೆಕ್ಟರಿನ ಎರರ್ ಕೋಡ್ ಓದುತ್ತಾನೆ. ಅದೂ ಕೌಶಲವೇ, ಜಾವಾಕ್ಕೆ ಉಪಯೋಗವಿಲ್ಲ ಅಷ್ಟೇ. ಹಳೇ ಕೈಗಳಲ್ಲಿ ಉಳಿದವರು ಕೆಲವರು, ಅವರ ಬಳಿ ಸರದಿ ಉದ್ದ. ಅವರು ಕೇಳಿದಷ್ಟು ಕೊಡಬೇಕು, ಹೇಳಿದ ದಿನಕ್ಕೆ ಹೋಗಬೇಕು. ಕೊಡುವುದರಲ್ಲಿ ತಪ್ಪೇನಿಲ್ಲ. ನಲವತ್ತು ವರ್ಷ ಅವರ ವಿದ್ಯೆಗೆ ಚಿಲ್ಲರೆ ಕೊಟ್ಟವರು ನಾವೇ ತಾನೆ.

ಹಾಗಾದರೆ ಹಳೇ ಬೈಕಿನ ಹೊಗಳಿಕೆಯೆಲ್ಲ ಭ್ರಮೆಯೇ? ಇಲ್ಲ. ಆರ್‌ಎಕ್ಸ್ 100ರ ವಿಷಯದಲ್ಲಂತೂ ಅಂಕಿಗಳೇ ಅಭಿಮಾನಿಗಳ ಪರ ನಿಲ್ಲುತ್ತವೆ. ಹೆಚ್ಚುಕಮ್ಮಿ 100 ಕಿಲೋ ತೂಕಕ್ಕೆ 11 ಅಶ್ವಶಕ್ತಿ. ಈಗಿನ ಸ್ಪ್ಲೆಂಡರ್ ಪ್ಲಸ್ 112 ಕಿಲೋ ತೂಗಿ 8 ಅಶ್ವಶಕ್ತಿ ಕೊಡುತ್ತದೆ. ಇಂದಿನ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಕೂಡ 195 ಕಿಲೋಗೆ 20 ಅಶ್ವಶಕ್ತಿಯದು. ಅಂದರೆ ಸಿಗ್ನಲ್ ಹಸಿರಾದ ಕೂಡಲೇ ಹಾರಿ ಹೋಗುತ್ತಿತ್ತು ಎಂಬ ನೆನಪಿನಲ್ಲಿ ಉತ್ಪ್ರೇಕ್ಷೆಯಿಲ್ಲ, ಕಿಲೋ ಲೆಕ್ಕದಲ್ಲಿ ಆ ಪುಟ್ಟ ಬೈಕು ಇವತ್ತಿನ 350ಕ್ಕೂ ಸೋಲುವುದಿಲ್ಲ. ಆಯಿಲಿಗೆ ಪ್ರತ್ಯೇಕ ಪಂಪು ಇದ್ದುದರಿಂದ ಬಂಕಿನಲ್ಲಿ ಅಳತೆ ಡಬ್ಬಿ ಹಿಡಿಯುವ ರಗಳೆಯೂ ಇರಲಿಲ್ಲ. 1996ರಲ್ಲಿ ತಯಾರಿಕೆ ನಿಂತ ಬೈಕಿನ ಹೆಸರಿಟ್ಟುಕೊಂಡು 2015ರಲ್ಲಿ ದುನಿಯಾ ವಿಜಯ್ ನಾಯಕರಾಗಿ ‘ಆರ್‌ಎಕ್ಸ್ ಸೂರಿ’ ಎಂಬ ಕನ್ನಡ ಚಿತ್ರವೇ ಬಂತು.

ಆ ಹಾರುವ ಗುಣದ ಬೆಲೆಯನ್ನು ತೆತ್ತದ್ದು ಮಾತ್ರ ಬೀದಿಯ ಜನರ ಮೂಗು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಸ ಮಿಶ್ರಣ ಒಳಗೆ ಬರುವಾಗಲೇ ಸುಟ್ಟ ಹೊಗೆ ಹೊರಗೆ ಹೋಗುತ್ತಿರುತ್ತದೆ. ಎರಡೂ ಬಾಗಿಲು ಒಟ್ಟಿಗೆ ತೆರೆದಿರುವ ಆ ಹೊತ್ತಿನಲ್ಲಿ ಪೆಟ್ರೋಲಿನ ಒಂದು ಪಾಲು, ಕೆಲವೊಮ್ಮೆ ಮೂರರಲ್ಲೊಂದು ಪಾಲಿನವರೆಗೆ, ಸುಡದೆಯೇ ಸೈಲೆನ್ಸರಿನಿಂದ ಹೊರಗೆ ಬೀಳುತ್ತದೆ. ಜತೆಗೆ ಅರೆಬೆಂದ ಆಯಿಲಿನ ನೀಲಿ ಹೊಗೆ. ಆ ವಾಸನೆ ಕೆಲವರಿಗೆ ಕಾಲೇಜು ದಿನಗಳ ಸುಗಂಧ ಇರಬಹುದು, ಹಿಂದೆ ಆಟೊದಲ್ಲಿ ಕೂತ ಆಸ್ತಮಾ ರೋಗಿಗಲ್ಲ. ಹೊಗೆ ತಪಾಸಣೆಯ ಚೀಟಿ ಇದೆಯಲ್ಲ ಎನ್ನುವವರು ಚೀಟಿಯ ಹಿಂದಿನ ಲೆಕ್ಕ ನೋಡಬೇಕು. 2000ದ ಮಾರ್ಚ್ ಕೊನೆಯವರೆಗೆ ತಯಾರಾದ ದ್ವಿಚಕ್ರ ವಾಹನಕ್ಕೆ ಹೈಡ್ರೊಕಾರ್ಬನ್ ಮಿತಿ 9,000 ಪಿಪಿಎಂ. ಅದರ ನಂತರದ ಫೋರ್ ಸ್ಟ್ರೋಕಿಗೆ 4,500. ಪಾಸಾದದ್ದು ನಿಜ, ಬೇರೆ ಪ್ರಶ್ನೆಪತ್ರಿಕೆಯಲ್ಲಿ.

ಇಲ್ಲೂ ನ್ಯಾಯವಾಗಿ ಮಾತಾಡಬೇಕು. ವರ್ಷಕ್ಕೆ ಕೆಲವೇ ನೂರು ಕಿಲೋಮೀಟರ್ ಓಡುವ ಜಾವಾ, ದಿನವಿಡೀ ಓಡುವ ಹಳೇ ಲಾರಿಯ ಮುಂದೆ ಲೆಕ್ಕಕ್ಕಿಲ್ಲ. ಊರಿನ ಗಾಳಿ ಕೆಟ್ಟದ್ದು ಜುಲೈನ ಜಾವಾ ಮೆರವಣಿಗೆಯಿಂದಲ್ಲ. ಆಕ್ಷೇಪವಿರುವುದು ಹಳೇ ಟೂ ಸ್ಟ್ರೋಕನ್ನು ದಿನನಿತ್ಯದ ಸವಾರಿಗೆ ಬಳಸುವವರ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಅದರ ಸೈಲೆನ್ಸರಿನ ಒಳಗಿನ ಜಾಲರಿ ಕಿತ್ತೆಸೆದು ರಾತ್ರಿ ಹನ್ನೊಂದಕ್ಕೆ ಬಡಾವಣೆಯಲ್ಲಿ ಸುತ್ತುವವರ ಬಗ್ಗೆ. ಕಂಪನಿಯ ಎಂಜಿನಿಯರುಗಳು ಕೂರಿಸಿದ ಸದ್ದನ್ನೇ ಕೆಡಿಸಿ ಅದನ್ನು ವಿಂಟೇಜ್ ಪ್ರೀತಿ ಎಂದು ಕರೆಯುವುದು ಯಾವ ಸೀಮೆಯ ಪ್ರೀತಿ?

ಪ್ರೀತಿ ಹೆಚ್ಚಾದಂತೆ ಪೇಟೆಯೂ ಹುಟ್ಟಿತು. ಚೆನ್ನಾಗಿ ರೆಡಿ ಮಾಡಿಸಿದ ಆರ್‌ಎಕ್ಸ್ 100ರ ಬೆಲೆ ಲಕ್ಷ ದಾಟುತ್ತದೆ. ಎಷ್ಟೋ ಸಲ ಅದು ಹೊಸ 100 ಸಿಸಿ ಬೈಕಿನ ಬೆಲೆಯನ್ನೂ ಮೀರುತ್ತದೆ. ಹಣ ಬಂದಲ್ಲಿ ಕೈಚಳಕವೂ ಬರುತ್ತದೆ. ಒಂದು ಗಾಡಿಯ ಎಂಜಿನ್, ಇನ್ನೊಂದರ ಚಾಸಿ, ಮತ್ತೊಂದರ ಆರ್‌ಸಿ ಸೇರಿಸಿ, ಮೇಲೆ ಹೊಳೆಯುವ ಬಣ್ಣ ಹೊಡೆದು ‘ಒರಿಜಿನಲ್’ ಎಂದು ಮಾರುವವರಿದ್ದಾರೆ. ಆರ್‌ಎಕ್ಸ್ ಕಳ್ಳರಿಗೂ ಪ್ರಿಯವಾದ ಗಾಡಿ. ಕೊಳ್ಳುವವರು ಮೊದಲು ಕೂರಬೇಕಾದ್ದು ಸೀಟಿನ ಮೇಲಲ್ಲ, ಚಾಸಿ ನಂಬರಿನ ಮುಂದೆ. ಅಕ್ಷರಗಳು ಸಾಲು ತಪ್ಪಿದ್ದರೆ, ಸುತ್ತ ಉಜ್ಜಿದ ಗುರುತಿದ್ದರೆ, ಆರ್‌ಸಿಯ ಹೆಸರು ಮೂರು ಕೈ ದಾಟಿಯೂ ಬದಲಾಗದಿದ್ದರೆ ಎದ್ದು ಬರುವುದು ಕ್ಷೇಮ. ಹೊಸ ಬಣ್ಣ ಬಹಳ ಸಂಗತಿಗಳನ್ನು ಮುಚ್ಚುತ್ತದೆ. ಬಣ್ಣ ಮಾಸಿದ, ಒಬ್ಬರೇ ಮಾಲೀಕರ ಕೈಯಲ್ಲಿ ಇದ್ದ ಗಾಡಿ ನೋಡಲು ಸಪ್ಪೆಯಾದರೂ ನಂಬಿಕೆಗೆ ಹತ್ತಿರ.

ಇದರ ನಡುವೆ ಕಂಪನಿಗಳು ನೆನಪನ್ನೇ ಷೋರೂಮಿಗೆ ತಂದಿವೆ. ಮಹೀಂದ್ರಾ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ 2018ರ ನವೆಂಬರ್‌ನಲ್ಲಿ ಜಾವಾವನ್ನೂ, 2022ರ ಜನವರಿಯಲ್ಲಿ ಯೆಜ್ಡಿಯನ್ನೂ ಮತ್ತೆ ಬಿಡುಗಡೆ ಮಾಡಿತು. ತಯಾರಾಗುವುದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ. ಎಂಜಿನ್ ಟೂ ಸ್ಟ್ರೋಕ್ ಅಲ್ಲ, ನೀರಿನಿಂದ ತಣಿಯುವ ಫೋರ್ ಸ್ಟ್ರೋಕ್. ಯೆಜ್ಡಿ ಎಂಬ ಹೆಸರು ಯಾರದೆಂಬ ವ್ಯಾಜ್ಯ ಕರ್ನಾಟಕ ಹೈಕೋರ್ಟಿನ ಮೆಟ್ಟಿಲೇರಿತು. 2022ರ ಡಿಸೆಂಬರ್‌ನಲ್ಲಿ ಏಕಸದಸ್ಯ ಪೀಠ ಅದು ಮುಚ್ಚಿಹೋದ ಮೈಸೂರಿನ ಕಂಪನಿಗೇ ಸೇರಿದ್ದು ಎಂದಿತು, ಮೇಲ್ಮನವಿಯೂ ಆಯಿತು. ಮುಚ್ಚಿ ಕಾಲು ಶತಮಾನ ಕಳೆದ ಕಾರ್ಖಾನೆಯ ಹೆಸರಿಗಾಗಿ ಇಷ್ಟು ಜಟಾಪಟಿ ನಡೆಯುವುದೆಂದರೆ ನೆನಪಿಗೆ ಎಷ್ಟು ಬೆಲೆ ಬಂದಿದೆ ಎಂಬುದು ಗೊತ್ತಾಗುತ್ತದೆ. ಹಳೇ ಸವಾರರು ಈ ಹೊಸ ಗಾಡಿಗಳನ್ನು ನೋಡಿ ಮೂಗು ಮುರಿಯುತ್ತಾರೆ: ಸದ್ದಿಲ್ಲ, ಹೊಗೆಯಿಲ್ಲ, ಇದೆಂಥ ಜಾವಾ? ಆದರೆ ಎಬಿಎಸ್ ಇದೆ, ಸೆಲ್ಫ್ ಸ್ಟಾರ್ಟ್ ಇದೆ, ರಾತ್ರಿ ರಸ್ತೆ ಕಾಣುತ್ತದೆ. ದಿನಾ ಆಫೀಸಿಗೆ ಹೋಗಬೇಕು, ಟ್ಯಾಂಕಿನ ಆಕಾರವೂ ಮನಸ್ಸಿಗೆ ಬೇಕು ಎನ್ನುವವರಿಗೆ ಇದೇ ಸರಿಯಾದ ಉತ್ತರ. ಅಸಲಿ ಹಳೆಯದು ಬೇಕೆಂದರೆ ಅದನ್ನು ದಿನದ ಗಾಡಿ ಎಂದುಕೊಳ್ಳುವ ಆಸೆ ಬಿಡಬೇಕು. ಎರಡೂ ಬೇಕೆಂಬ ಹಟದಲ್ಲೇ ಅಪಘಾತವೂ ಹೊಗೆಯೂ ಇರುವುದು.

ಹಳೇ ಬೈಕಿನವರು ಈ ಮಿತಿ ಒಪ್ಪುವುದಾದರೆ ಸರ್ಕಾರವೂ ಒಂದು ಹೆಜ್ಜೆ ಮುಂದೆ ಬರಬೇಕು. ಕೇಂದ್ರ ಸಾರಿಗೆ ಸಚಿವಾಲಯ 2021ರಲ್ಲಿ ವಿಂಟೇಜ್ ವಾಹನಗಳಿಗೆ ನಿಯಮ ಮಾಡಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲರೂಪ ಉಳಿದಿರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ ಮಾನ್ಯ, ನವೀಕರಣಕ್ಕೆ 5,000. ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂಬ ಗುರುತು. ಪ್ರದರ್ಶನ, ರ‍್ಯಾಲಿ, ದುರಸ್ತಿ, ಪೆಟ್ರೋಲ್ ತುಂಬಿಸುವಂಥ ಕೆಲಸಕ್ಕೆ ರಸ್ತೆಗಿಳಿಸಬಹುದು, ದಿನನಿತ್ಯದ ಓಡಾಟಕ್ಕಿಲ್ಲ. ಒಳ್ಳೆಯ ನಿಯಮವೇ. ಆದರೆ ಕರ್ನಾಟಕದ ರಸ್ತೆಗಳಲ್ಲಿ ಉಳಿದಿರುವ ಯೆಜ್ಡಿ, ಆರ್‌ಎಕ್ಸ್‌ಗಳಲ್ಲಿ ಬಹುಪಾಲು 50 ದಾಟಿಲ್ಲ. ಅವು ವಿಂಟೇಜೂ ಅಲ್ಲ, ಹೊಸದೂ ಅಲ್ಲ. ಕಾನೂನಿನ ಕಣ್ಣಿಗೆ ಬರೀ ಹಳೇ ವಾಹನ. 15 ವರ್ಷದ ನಂತರ ಐದೈದು ವರ್ಷಕ್ಕೊಮ್ಮೆ ಆರ್‌ಟಿಒ ಮುಂದೆ ನಿಲ್ಲಬೇಕು. 20 ವರ್ಷ ದಾಟಿದ ಮೋಟಾರ್ ಸೈಕಲ್ಲಿನ ನೋಂದಣಿ ನವೀಕರಣ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ 2,000 ರೂಪಾಯಿಗೆ ಏರಿಸಲಾಗಿದೆ, ಹಸಿರು ತೆರಿಗೆ ಬೇರೆ. ಇಷ್ಟು ಕಟ್ಟಿ ಹೊಗೆ ತಪಾಸಣೆಯ ಚೀಟಿ ಇಟ್ಟುಕೊಂಡವನು ದಿನವೂ ಓಡಿಸಲು ಪೂರ್ಣ ಸ್ವತಂತ್ರ. ಅಂದರೆ ಜೋಪಾನವಾಗಿ ಭಾನುವಾರ ಮಾತ್ರ ಓಡಿಸುವವನಿಗೂ, ಸೈಲೆನ್ಸರ್ ಕಿತ್ತು ದಿನಾ ಸುತ್ತುವವನಿಗೂ ಇಲ್ಲಿ ಭೇದವಿಲ್ಲ.

ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫೀವಾ 30 ವರ್ಷ ದಾಟಿದ್ದನ್ನು ಐತಿಹಾಸಿಕ ಎನ್ನುತ್ತದೆ. ಜರ್ಮನಿಯಲ್ಲಿ ವಿಶೇಷ ನಂಬರ್ ಪ್ಲೇಟು ಸಿಗುವುದೂ 30ಕ್ಕೆ, ಬ್ರಿಟನ್ನಿನಲ್ಲಿ ಐತಿಹಾಸಿಕ ವಾಹನದ ತೆರಿಗೆ ವಿನಾಯಿತಿ ಸಿಗುವುದು 40ಕ್ಕೆ. ಇಲ್ಲೂ 30 ದಾಟಿದ, ಮೂಲರೂಪದಲ್ಲಿರುವ ಬೈಕುಗಳಿಗೆ ಕಡಿಮೆ ಶುಲ್ಕದ ಒಂದು ವರ್ಗ ಮಾಡಿ, ಬದಲಿಗೆ ವರ್ಷಕ್ಕೆ ಇಷ್ಟೇ ಕಿಲೋಮೀಟರ್ ಎಂಬ ಮಿತಿ ಹಾಕಬಹುದು. ಬ್ರೇಕು, ದೀಪ, ಸೈಲೆನ್ಸರುಗಳ ತಪಾಸಣೆಯನ್ನು ಬರೀ ಚೀಟಿಯ ಶಾಸ್ತ್ರ ಮಾಡದೆ ನಿಜವಾಗಿ ನಡೆಸಬಹುದು. ಎಥೆನಾಲ್ ಕಡಿಮೆಯಿರುವ ಪೆಟ್ರೋಲನ್ನು ಪ್ರತಿ ಜಿಲ್ಲಾ ಕೇಂದ್ರದ ಒಂದು ಬಂಕಿನಲ್ಲಾದರೂ ಸಿಗುವಂತೆ ಮಾಡಬಹುದು, ದರ ಹೆಚ್ಚಿದ್ದರೂ ಈ ಮಾಲೀಕರು ಕೊಡುತ್ತಾರೆ. ಈಗಿನ ನಿಯಮವೇ ಮುಂದುವರಿದರೆ 1985ರ ನವೆಂಬರ್‌ನಲ್ಲಿ ರಸ್ತೆಗಿಳಿದ ಮೊದಲ ಆರ್‌ಎಕ್ಸ್ 100 ವಿಂಟೇಜ್ ಎನಿಸಿಕೊಳ್ಳುವುದು 2035ಕ್ಕೆ. ಮೈಸೂರಿನ ಕಾರ್ಖಾನೆಯಿಂದ ಕೊನೆಯ ವರ್ಷ ಹೊರಬಂದ ರೋಡ್‌ಕಿಂಗ್‌ಗೆ ಆ ಭಾಗ್ಯ ಸಿಗುವುದು 2046ಕ್ಕೆ. ಅಲ್ಲಿಯವರೆಗೆ ಅದರ ಮಾಲೀಕ ಐದೈದು ವರ್ಷಕ್ಕೊಮ್ಮೆ ಆರ್‌ಟಿಒ ಕಚೇರಿಯ ಸಾಲಿನಲ್ಲಿ ನಿಲ್ಲುತ್ತಲೇ ಇರಬೇಕು.